ಮೂರನೆಯ ಕಂಬದ ಪಕ್ಕದ ಬ್ಯಾಟರಿಯವರ ಸನ್ನಿಧಿಗೆ

ಶ್ರೀಮಾನ್ ಹನ್ನೆರಡು ವೋಲ್ಟ್ ಬ್ಯಾಟರಿಯವರು,
ಬಾನೆಟ್ಟಿನ ಕೆಳಗೆ, ಎಡಮೂಲೆ,
ಬಿಳಿ ಕಾರು, ಸೆಲ್ಲಾರ್, ಮೂರನೆಯ ಕಂಬದ ಪಕ್ಕ,
ಚಂಪಾಪೇಟೆ, ಹೈದರಾಬಾದ್ – ಇವರಿಗೆ.

ವಿಷಯ: ತಾವು ಪದೇ ಪದೇ ಪ್ರಾಣ ಬಿಡುತ್ತಿರುವುದರ ಬಗ್ಗೆ ವಿನಯಪೂರ್ವಕ ದೂರು.

ಮಾನ್ಯರೇ,

ಮೊದಲು ತಮ್ಮ ಎರಡೂ ಟರ್ಮಿನಲ್‌ಗಳಿಗೆ ನನ್ನ ಸಾಷ್ಟಾಂಗ ನಮಸ್ಕಾರಗಳು. ಪ್ಲಸ್ಸಿಗೆ ಒಂದು, ಮೈನಸ್ಸಿಗೆ ಒಂದು ಎಂದು ಎರಡು ಸಲ ಬಗ್ಗಿದ್ದೇನೆ. ಐವತ್ತೆರಡು ವರ್ಷದ ನನ್ನ ಸೊಂಟಕ್ಕೆ ಇದು ಸಣ್ಣ ಸೇವೆಯಲ್ಲ ಎಂಬುದನ್ನು ತಾವು ಗಮನಕ್ಕೆ ತೆಗೆದುಕೊಳ್ಳಬೇಕು. ತಾವು ಅಲ್ಲಿ ಕ್ಷೇಮವೆಂದು ಭಾವಿಸುವಂತಿಲ್ಲ, ಏಕೆಂದರೆ ತಾವು ಕ್ಷೇಮವಾಗಿದ್ದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ನಾನು ಇಲ್ಲಿ ಎರಡನೆಯ ಮಹಡಿಯಲ್ಲಿ ಕ್ಷೇಮವಾಗಿದ್ದೇನೆ ಎನ್ನುವುದೂ ಸುಳ್ಳೇ ಆಗುತ್ತದೆ.

ಇದು ಬಹಿರಂಗ ಪತ್ರ. ಇದನ್ನು ತಮ್ಮ ಕಾರಿನ ಮುಂದಿನ ಗಾಜಿಗೆ, ವೈಪರಿನ ಪಕ್ಕದಲ್ಲಿ, ಟೇಪು ಹಚ್ಚಿ ಅಂಟಿಸಲಿದ್ದೇನೆ. ಐದು ಅಂತಸ್ತಿನ ಈ ಅಪಾರ್ಟ್‌ಮೆಂಟಿನಲ್ಲಿ ತೆಲುಗು ಓದುವವರು, ಹಿಂದಿ ಓದುವವರು, ಉರ್ದು ಓದುವವರು ಬೇಕಾದಷ್ಟಿದ್ದಾರೆ. ಕನ್ನಡ ಓದಬಲ್ಲವರು ನನ್ನನ್ನು ಬಿಟ್ಟರೆ ಇಬ್ಬರೇ. ಒಬ್ಬರು ನಾಲ್ಕನೆಯ ಮಹಡಿಯ ಸೂರ್ಯಕಾಂತರು, ಬೀದರಿನ ಕಡೆಯವರು, ಕೇಳಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ದೊಡ್ಡ ಮನುಷ್ಯರು. ಇನ್ನೊಬ್ಬಳು ನನ್ನ ಹೆಂಡತಿ ಸುಭದ್ರಾ. ಅವಳು ಒಂದು ವರ್ಷದಿಂದ ಸೆಲ್ಲಾರಿಗೆ ಕಾಲಿಟ್ಟಿಲ್ಲ, ಯಾಕೆಂದು ಮುಂದೆ ಹೇಳುತ್ತೇನೆ. ಹೀಗೆ ಎಲ್ಲರ ಕಣ್ಣಿಗೂ ಬೀಳುವಂತೆ, ಯಾರ ತಲೆಗೂ ಹೋಗದಂತೆ, ನನ್ನ ಅಳಲನ್ನು ತೋಡಿಕೊಳ್ಳುವ ಅವಕಾಶ ನನಗಿದೆ.

ನನ್ನ ಪರಿಚಯವನ್ನು ತಾವು ಮರೆತಿರಲೂಬಹುದು, ಏಕೆಂದರೆ ನಾವು ಭೇಟಿಯಾಗುವುದು ವಾರಕ್ಕೊಮ್ಮೆ, ಅದೂ ಐದು ನಿಮಿಷ. ನಾನು ಹನುಮಂತರಾಯ, ಮಾನ್ವಿಯವನು, ಇಲ್ಲಿನ ಒಂದು ರಕ್ಷಣಾ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷದಿಂದ ಗುಣಮಟ್ಟ ಪರೀಕ್ಷಕ. ಬೇರೆಯವರು ಮಾಡಿದ ವಸ್ತುವಿನಲ್ಲಿ ಕೂದಲೆಳೆಯಷ್ಟು ದೋಷವಿದ್ದರೂ ಹಿಡಿದು, ಕೆಂಪು ಶಾಯಿಯಲ್ಲಿ ಗುರುತು ಹಾಕಿ, ಹಿಂದಕ್ಕೆ ಕಳಿಸುವುದು ನನ್ನ ಉದ್ಯೋಗ. ಬೆಳಿಗ್ಗೆ ಏಳು ಹತ್ತಕ್ಕೆ ಕಾರ್ಖಾನೆಯ ಬಸ್ಸು ಗೇಟಿನ ಮುಂದೆ ಬಂದು ನಿಲ್ಲುತ್ತದೆ, ಸಂಜೆ ಅದೇ ಬಸ್ಸು ತಂದು ಇಳಿಸುತ್ತದೆ. ತರಕಾರಿ ಗಾಡಿ ಬಾಗಿಲಿಗೇ ಬರುತ್ತದೆ. ಬಟ್ಟೆಬರೆಗೆ ದಿಲ್‌ಸುಖ್‌ನಗರಕ್ಕೆ ಹೋಗುವುದಾದರೆ ಆಟೋ ಇದೆ. ಇಷ್ಟೆಲ್ಲ ಇರುವಾಗ ಕಾರು ಯಾಕೆ ಬೇಕಿತ್ತು ಎಂದು ತಾವು ಕೇಳಬಹುದು. ಕೊಂಡು ಎರಡು ವರ್ಷವಾಯಿತು, ಓಡಿದ್ದು ನಾಲ್ಕುನೂರ ಹನ್ನೆರಡು ಕಿಲೋಮೀಟರು. ಅದರಲ್ಲಿ ಅರ್ಧದಷ್ಟು ಸರ್ವಿಸಿಗೆ ಬಂದು ಹೋದದ್ದು ಎಂಬುದನ್ನು ನೋಡಿದರೆ ಪ್ರಶ್ನೆ ನ್ಯಾಯವಾದದ್ದೇ.

ಕಾರು ಕೊಂಡದ್ದು ಸುಭದ್ರಾಳಿಗಾಗಿ. ಅವಳ ತಂಗಿ ಸುಮಂಗಲಾ ಇರುವುದು ಲಿಂಗಸುಗೂರಿನಲ್ಲಿ. ವರ್ಷಕ್ಕೆ ನಾಲ್ಕು ಸಲವಾದರೂ ಹಬ್ಬ, ಹುಣ್ಣಿಮೆ, ಮದುವೆ, ಮುಂಜಿ ಅಂತ ಅಲ್ಲಿಗೆ ಹೋಗುವಾಗ ಸುಭದ್ರಾ ಬುತ್ತಿಯ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸಿನ ಕಿಟಕಿಗೆ ಒರಗಿ, ಮುನ್ನೂರು ಕಿಲೋಮೀಟರು ಕೂತು ಹೋಗುತ್ತಿದ್ದಳು. ಇನ್ನು ಬುಟ್ಟಿ ಹಿಂದಿನ ಡಿಕ್ಕಿಯಲ್ಲಿ, ನೀನು ಮುಂದಿನ ಸೀಟಿನಲ್ಲಿ ಎಂದು ನಾನು ಮಾತು ಕೊಟ್ಟೆ. ಆ ಮಾತಿನ ಅರ್ಧ ಭಾರ ತಮ್ಮ ಮೇಲೆ ಬಿದ್ದಿದೆ ಎಂಬುದು ಆಗ ನನಗೆ ಹೊಳೆಯಲಿಲ್ಲ.

ಆದರೂ ತಮ್ಮ ಸೇವೆಯಲ್ಲಿ ನಾನು ಯಾವ ಲೋಪ ಮಾಡಿದೆ ಎಂಬುದನ್ನು ತಾವೇ ತಿಳಿಸಬೇಕು. ಪ್ರತಿ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಸ್ನಾನ ಮಾಡಿ, ಊದಿನಕಡ್ಡಿ ಹಚ್ಚಿ, ರಿಜಿಸ್ಟರು ಹಿಡಿದು ಸೆಲ್ಲಾರಿಗೆ ಇಳಿಯುತ್ತೇನೆ. ಕಾರ್ಖಾನೆಯಲ್ಲಿ ಒಂದು ಯಂತ್ರವನ್ನು ಹೇಗೆ ಪರೀಕ್ಷಿಸುತ್ತೇವೋ ಹಾಗೆಯೇ ಕೀಲಿ ತಿರುವಿ ಎಂಜಿನ್ನು ಚಾಲೂ ಮಾಡುತ್ತೇನೆ. ಆಮೇಲೆ ಎದುರಿನ ದೀಪ, ಹಿಂದಿನ ದೀಪ, ಮಂಜಿನ ದೀಪ, ವೈಪರು, ಹಾರನ್ನು, ನಾಲ್ಕೂ ಕಿಟಕಿ ಮೇಲೆ ಕೆಳಗೆ, ಎಸಿ ಪೂರ್ತಿ, ಹಿಂದಿನ ಗಾಜಿನ ಕಾವು, ಕೊನೆಗೆ ಹಾಡು ಎಂದು ಎಲ್ಲವನ್ನೂ ಒಂದೊಂದಾಗಿ ನೋಡಿ 'ಪರೀಕ್ಷಿಸಲಾಗಿದೆ, ತೃಪ್ತಿಕರ' ಎಂದು ಬರೆದು ಸಹಿ ಹಾಕುತ್ತೇನೆ. ಐದನೆಯ ನಿಮಿಷಕ್ಕೆ ಸರಿಯಾಗಿ ಎಂಜಿನ್ನು ಬಂದ್ ಮಾಡುತ್ತೇನೆ, ಹೊಗೆಯಾಯಿತೆಂದು ಯಾರೂ ದೂರು ಕೊಡಬಾರದು ನೋಡಿ. ಇಷ್ಟು ಶಿಸ್ತಿನ ಸೇವೆ ಪಡೆದ ಬ್ಯಾಟರಿ ಈ ಊರಿನಲ್ಲಿ ಇನ್ನೊಂದು ಇರಲಾರದು. ಅಬಿಡ್ಸಿನಿಂದ ಮಾದಾಪುರದವರೆಗೆ ದಿನಾ ಧೂಳು ತಿಂದು ಓಡಾಡುವ ಟ್ಯಾಕ್ಸಿಗಳ ಬ್ಯಾಟರಿಗಳಿಗೆ ಊದಿನಕಡ್ಡಿಯ ವಾಸನೆಯೂ ಗೊತ್ತಿಲ್ಲ, ಆದರೂ ಅವು ಜೀವಂತವಾಗಿವೆ. ಕುಲದಲ್ಲಿ ಇಷ್ಟೊಂದು ವ್ಯತ್ಯಾಸ ಹೇಗೆ ಬಂತು ಎಂದು ನಾನು ಯೋಚಿಸುತ್ತಲೇ ಇದ್ದೇನೆ.

ಸೇವೆಯ ಜೊತೆಗೆ ತಮಗೆ ಸತ್ಸಂಗವನ್ನೂ ಒದಗಿಸಿದ್ದೆ. ಸುಭದ್ರಾಳ ತವರಿನ ಮನೆದೇವರು ತಿಂಥಣಿಯ ಮೌನೇಶ್ವರ. ಕಾರು ಮನೆಗೆ ಬಂದ ದಿನ, ಚಕ್ರದ ಕೆಳಗಿನ ನಿಂಬೆಹಣ್ಣು ಒಡೆದ ಮೇಲೆ, ಅವಳು ಕೈಮುಗಿದು ಹರಕೆ ಹೊತ್ತಳು: ಈ ಗಾಡಿಯ ಮೊದಲ ದೂರದ ಪಯಣ ಲಿಂಗಸುಗೂರು ಹಾದು ತಿಂಥಣಿಗೆ, ಅಲ್ಲಿಯವರೆಗೆ ಗಾಡಿಯೊಳಗೆ ಮೌನಪ್ಪನ ಮುಂದಿನ ದೀಪ ಆರಬಾರದು. ದಿಲ್‌ಸುಖ್‌ನಗರದ ಅಂಗಡಿಯಲ್ಲಿ ಒಂದು ಪುಟ್ಟ ಮಂಟಪ ಸಿಕ್ಕಿತು. ದೇವರ ಮುಂದೆ ಬಲ್ಬಿನ ದೀಪ, ಹಿಂದೆ ಕೆಂಪು ಹಸಿರು ನೀಲಿ ಬಲ್ಬುಗಳು ಸುತ್ತುತ್ತಲೇ ಇರುವ ಪ್ರಭಾವಳಿ. ಕೀಲಿ ತೆಗೆದರೆ ದೀಪವೂ ಆರುತ್ತದೆ ಎಂದು ಅಂಗಡಿಯವನು ಹೇಳಿದಾಗ ನಾನು ನಕ್ಕೆ. ಇಪ್ಪತ್ತಾರು ವರ್ಷ ತಂತಿಗಳ ನಡುವೆ ಕಳೆದವನಿಗೆ ಈ ಮಾತೇ? ನಾನೇ ಪಕ್ಕದಲ್ಲಿ ನಿಂತು, ದೀಪದ ತಂತಿಯನ್ನು ನೇರವಾಗಿ ತಮಗೇ ಜೋಡಿಸುವಂತೆ ಮಾಡಿದೆ. ಕೀಲಿ ಇರಲಿ ಬಿಡಲಿ, ಹಗಲಿರಲಿ ಇರುಳಿರಲಿ, ನಂದಾದೀಪ ನಂದುವಂತಿರಲಿಲ್ಲ. ಸುಭದ್ರಾ ಆ ದಿನ ನನ್ನನ್ನು ನೋಡಿದ ನೋಟದಲ್ಲಿ ಹೆಮ್ಮೆ ಇತ್ತು, ಅಂಥ ನೋಟ ಮದುವೆಯಾದ ಮೇಲೆ ನನಗೆ ಹೆಚ್ಚು ಸಲ ಸಿಕ್ಕಿಲ್ಲ.

ಇಷ್ಟಾದ ಮೇಲೂ ತಾವು ಮಾಡಿದ್ದೇನು? ಎರಡು ವರ್ಷದಲ್ಲಿ ಏಳು ಸಲ ಪ್ರಾಣ ಬಿಟ್ಟಿರಿ. ಸಾಮಾನ್ಯ ಮನುಷ್ಯರು ಒಂದೇ ಸಲ ಸಾಯುತ್ತಾರೆ, ಅದೂ ಒಲ್ಲದ ಮನಸ್ಸಿನಿಂದ. ತಮ್ಮ ವೈರಾಗ್ಯ ಆ ಮಟ್ಟದ್ದಲ್ಲ. ನಾನು ಭಕ್ತಿಯಿಂದ ಕೀಲಿ ತಿರುವಿದರೆ ಒಳಗಿನಿಂದ 'ಟಿಕ್' ಎಂಬ ಒಂದೇ ಶಬ್ದ. ಬಾಗಿಲಿನ ರಿಮೋಟು ಒತ್ತಿದರೆ ಅದೂ ಇಲ್ಲ. ಪ್ರತಿ ಸಲವೂ ಸೂರ್ಯಕಾಂತರು ತಮ್ಮ ಕಾರನ್ನು ಹತ್ತಿರ ತಂದು, ಕೆಂಪು ಕಪ್ಪು ವಯರುಗಳನ್ನು ಜೋಡಿಸಿ ತಮಗೆ ಮರುಜನ್ಮ ಕೊಡುತ್ತಾರೆ. ಮರುಜನ್ಮ ಪಡೆದ ತಮ್ಮ ಗಡಿಯಾರ ಹಿಂದಿನದ್ದೆಲ್ಲ ಮರೆತು ಹನ್ನೆರಡರಿಂದ ಲೆಕ್ಕ ಶುರು ಮಾಡುತ್ತದೆ. ಮೂರನೆಯ ಸಲ ಸೂರ್ಯಕಾಂತರು, "ಹನುಮಂತರಾಯರ, ನಿಮ್ಮ ಗಾಡಿ ಪೆಟ್ರೋಲಿನ ಮ್ಯಾಲೆ ಅಲ್ಲ, ನನ್ನ ಮ್ಯಾಲೆ ನಡಿಯಾಕತ್ತೈತಿ ನೋಡ್ರಿ" ಎಂದು ಹೇಳಿ ಮೇಲೆ ಹೋದರು. ಅವರು ದೊಡ್ಡ ಮನುಷ್ಯರು, ಅಷ್ಟಕ್ಕೇ ನಿಲ್ಲಿಸಿದರು.

ಆ ಏಳು ಸಾವುಗಳಲ್ಲಿ ಒಂದರ ಬಗ್ಗೆ ಮಾತ್ರ ನಾನು ಹಾಸ್ಯ ಮಾಡಲಾರೆ. ಸುಮಂಗಲಾಳ ಮಗಳು ಲಹರಿ ಎರಡು ವರ್ಷ ನಮ್ಮ ಮನೆಯಲ್ಲಿದ್ದು ದಿಲ್‌ಸುಖ್‌ನಗರದಲ್ಲಿ ಕೋಚಿಂಗಿಗೆ ಹೋಗುತ್ತಿದ್ದಳು. ನಮಗೆ ಮಕ್ಕಳಿಲ್ಲ. ಆ ಎರಡು ವರ್ಷ ಸುಭದ್ರಾ ನಸುಕಿನಲ್ಲಿ ಎದ್ದು ಸಜ್ಜೆ ರೊಟ್ಟಿ ತಟ್ಟುವಾಗ ಹಾಡು ಗುನುಗುತ್ತಿದ್ದಳು. ಹೋದ ವರ್ಷ ಲಹರಿಯ ಮದುವೆ ಲಿಂಗಸುಗೂರಿನಲ್ಲಿ, ಮುಹೂರ್ತ ಹನ್ನೊಂದು ಇಪ್ಪತ್ತಕ್ಕೆ. ಮುಂಜಾನೆ ಸುಭದ್ರಾ ಇಳಕಲ್ ಸೀರೆ ಉಟ್ಟು, ಬುಟ್ಟಿಗಳನ್ನು ಡಿಕ್ಕಿಯಲ್ಲಿಟ್ಟು, ಮನೆಯಲ್ಲೇ ಕಲಸಿದ ಅಕ್ಷತೆಯ ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತಳು. ನಾನು ಕೀಲಿ ತಿರುವಿದೆ. ಟಿಕ್. ಸೂರ್ಯಕಾಂತರು ಆ ದಿನ ಊರಿಗೆ ಹೋಗಿದ್ದರು. ತಳ್ಳಿ ಚಾಲೂ ಮಾಡೋಣವೆಂದರೆ ಸೆಲ್ಲಾರಿನಿಂದ ಮೇಲಕ್ಕೆ ಏರು ದಾರಿ. ಸುಭದ್ರಾ ಒಂದೂವರೆ ತಾಸು ಆ ಸೀಟಿನಲ್ಲಿ ಬಟ್ಟಲು ಹಿಡಿದು ಕೂತಿದ್ದಳು. ಆಮೇಲೆ ಇಮ್ಲಿಬನ್ ಬಸ್ ನಿಲ್ದಾಣಕ್ಕೆ ಆಟೋ, ಅಲ್ಲಿಂದ ಬಸ್ಸು, ರಾಯಚೂರಿನಲ್ಲಿ ಮತ್ತೊಂದು ಬಸ್ಸು. ನಾವು ತಲುಪುವಾಗ ಮೂರೂವರೆ. ಹುಡುಗಿಯನ್ನು ಗಂಡನ ಮನೆಗೆ ಕಳಿಸುತ್ತಿದ್ದರು. ಹೊರಟು ನಿಂತ ಗಾಡಿಯ ಕಿಟಕಿಯೊಳಗೆ ಕೈ ಹಾಕಿ ಸುಭದ್ರಾ ಲಹರಿಯ ತಲೆಯ ಮೇಲೆ ಅಕ್ಷತೆ ಹಾಕಿದಳು. ಗಾಡಿ ಹೋದ ಮೇಲೆ ಬಟ್ಟಲಲ್ಲಿ ಉಳಿದದ್ದನ್ನು ಸೆರಗಿಗೆ ಕಟ್ಟಿಕೊಂಡಳು.

ಅವತ್ತಿನಿಂದ ಅವಳು ಸೆಲ್ಲಾರಿಗೆ ಇಳಿದಿಲ್ಲ, ನನ್ನನ್ನು ಬೈದೂ ಇಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಸಂಜೆ ನಾನು ಬಸ್ಸಿಳಿದು ಮನೆಗೆ ಬಂದ ಕೂಡಲೇ ಮೊದಲಿನಿಂದಲೂ ಕೇಳುತ್ತಿದ್ದ ಒಂದೇ ಮಾತು ಕೇಳುತ್ತಾಳೆ: "ದೀಪ ಐತೇನ್ರಿ?" ನಾನು, "ಐತಿ" ಎನ್ನುತ್ತೇನೆ. ಇಲ್ಲಿಗೆ ನನ್ನ ದೂರಿನ ಗಂಟು ತಮಗೆ ಕಂಡಿರಬಹುದು. ತಾವು ಸತ್ತಾಗಲೆಲ್ಲ ಮೌನಪ್ಪನ ದೀಪವೂ ಸತ್ತಿದೆ, ಏಳು ಸಲ (ಮದುವೆಯ ದಿನ ಅವಳೆದುರು ಮಿಣುಕುತ್ತಿದ್ದದ್ದು, ನಾವು ಊರಿಂದ ಮರಳಿದ ಮೇಲೆ ಆರಿತು). ಏಳೂ ಸಲ ನಾನು ಹೆಂಡತಿಯ ಮುಖ ನೋಡಿ 'ಐತಿ' ಎಂದಿದ್ದೇನೆ. ಕಾರ್ಖಾನೆಯಲ್ಲಿ ಒಂದು ಸುಳ್ಳು ಸಹಿಯನ್ನೂ ಹಾಕದ ಮನುಷ್ಯನಿಂದ ತಾವು ಏಳು ಸುಳ್ಳು ಹೇಳಿಸಿದ್ದೀರಿ. ತಮ್ಮ ಮಹಿಮೆ ಸಾಮಾನ್ಯವಾದುದಲ್ಲ.

ಹೋದ ಭಾನುವಾರ ತಮ್ಮ ನಾಡಿ ನೋಡಿಸಲು ಸೈದಾಬಾದಿನ ಹುಸೇನಪ್ಪನನ್ನು ಕರೆಸಿದೆ. ಯಾದಗಿರಿ ಕಡೆಯ ಹುಸೇನಪ್ಪ ಗಾರೆ ಕೆಲಸಕ್ಕೆಂದು ಇಲ್ಲಿಗೆ ಬಂದು, ಬ್ಯಾಟರಿ ಕೆಲಸ ಕಲಿತು, ಈಗ ಸ್ವಂತ ಅಂಗಡಿ ಇಟ್ಟವನು. ತಮ್ಮ ನೆತ್ತಿಯ ಮೇಲೆ ಕಟ್ಟಿದ್ದ ಬಿಳಿ ಪುಡಿಯನ್ನು ಬಿಸಿನೀರು ಸೋಡಾದಿಂದ ತೊಳೆದು, ವ್ಯಾಸಲೀನು ಸವರಿ, ಮೀಟರು ಹಚ್ಚಿದ. ನಾನು ರಿಜಿಸ್ಟರು ತೋರಿಸಿದೆ. ಅವನು ಒಂದು ಪುಟ ನೋಡಿ ಮುಚ್ಚಿದ. "ಸಾಹೇಬ್ರ, ಒಮ್ಮಿ ಸೆಲ್ಫ್ ಹೊಡದ್ರ ಬ್ಯಾಟರಿ ಎಷ್ಟ್ ಖರ್ಚಾಕ್ಕೈತಿ, ಅಷ್ಟು ತುಂಬಾಕ ಐದು ಮಿನಿಟು ಎಲ್ಲಿ ಸಾಲತೈತ್ರಿ? ಅದರಾಗ ಎಸಿ, ಲೈಟು, ಹಾಡು ಎಲ್ಲಾ ಹಚ್ಚೀರಿ. ಬಿಂದಿಗಿಲೆ ತಗದು ಬೊಗಸಿಲೆ ಹಾಕಾಕತ್ತೀರಿ. ವಾರಕ್ಕೊಮ್ಮಿ ಅರ್ಧಾ ತಾಸು ರೋಡಿನ ಮ್ಯಾಲೆ ಓಡಸ್ರಿ, ಇಲ್ಲಾಂದ್ರ ಮೈನಸ್ ವಯರು ಬಿಚ್ಚಿ ಇಡ್ರಿ" ಎಂದ. ಎರಡು ವರ್ಷದ ನೂರಕ್ಕೂ ಹೆಚ್ಚು 'ತೃಪ್ತಿಕರ'ಗಳು ಒಂದೇ ಉಸಿರಿನಲ್ಲಿ ಕೆಂಪು ಶಾಯಿಯ ಗುರುತಾದವು.

ಅಷ್ಟಕ್ಕೇ ಬಿಟ್ಟಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಕೀಲಿ ನನ್ನ ಜೇಬಿನಲ್ಲಿದ್ದರೂ ಅವನ ಮೀಟರಿನ ಅಂಕಿ ಸೊನ್ನೆಗೆ ಬರಲಿಲ್ಲ. "ಕೀಲಿ ತಗದ್ರೂ ಕರೆಂಟು ಹೊಂಟೈತ್ರಿ. ಒಳಗ ಯಾರೋ ಕುಡ್ಯಾಕತ್ತಾರ" ಎನ್ನುತ್ತ ಗಾಜಿನೊಳಗೆ ಇಣುಕಿದ. ಕೆಂಪು, ಹಸಿರು, ನೀಲಿ. ಹುಸೇನಪ್ಪ ಚಪ್ಪಲಿ ಬಿಟ್ಟು, ಮೌನಪ್ಪನಿಗೆ ಕೈಮುಗಿದು, ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದ: "ದೇವರಿಗೆ ಏನೂ ಅನ್ನಾಂಗಿಲ್ಲರಿ. ಆದ್ರ ಇದನ್ನ ಸೀದಾ ಬ್ಯಾಟರಿಗಿ ಜೋಡಿಸಿದ ಶಾಣ್ಯಾ ಯಾರು?" ಶಾಣ್ಯಾ, ಅಂದರೆ ಆ ಜಾಣ, ರಿಜಿಸ್ಟರನ್ನು ಬೆನ್ನ ಹಿಂದೆ ಸರಿಸಿದ. ಗಾಡಿ ಓಡಿದ್ದರೆ ಅಷ್ಟು ದೀಪ ತಮಗೆ ಲೆಕ್ಕಕ್ಕೇ ಬರುತ್ತಿರಲಿಲ್ಲವಂತೆ. ನಿಂತಲ್ಲೇ ನಿಂತರೆ ಅದೊಂದೇ ಸಾಕಂತೆ, ಹತ್ತು ಹನ್ನೆರಡು ದಿನದಲ್ಲಿ ತಮ್ಮ ಕಥೆ ಮುಗಿಸಲು. ನನ್ನ ಭಾನುವಾರದ ಐದು ನಿಮಿಷ ಅದನ್ನು ಒಮ್ಮೆ ಒಂದಿಷ್ಟು ಮುಂದೂಡುತ್ತಿತ್ತು, ಒಮ್ಮೆ ಒಂದಿಷ್ಟು ಹತ್ತಿರ ತರುತ್ತಿತ್ತು.

ಮಾನ್ಯರೇ, ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆ ತಮಗೆ ಗೊತ್ತಿರಬೇಕು. ಗಾಡಿ ತಿಂಥಣಿಗೆ ಹೋಗುವ ತನಕ ದೀಪ ಆರುವಂತಿಲ್ಲ. ದೀಪ ಆರದ ಹೊರತು ಗಾಡಿ ತಿಂಥಣಿಗೆ ಹೋಗುವಂತಿಲ್ಲ. ಇದನ್ನು ಬಿಡಿಸಬೇಕಾದರೆ ನಾನು ಮೇಲೆ ಹೋಗಿ, "ಸುಭದ್ರಾ, ದೀಪದ ತಂತಿ ತೆಗೆಯಬೇಕು" ಎನ್ನಬೇಕು. ಯಾಕೆ ಎಂದು ಅವಳು ಕೇಳುತ್ತಾಳೆ. ಹೇಳಿದರೆ, ಹಾಗಾದರೆ ಈ ಮೊದಲು ದೀಪ ಆರಿತ್ತೇನು ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ಉತ್ತರ ಕೊಡುವ ಗಂಡಸುತನ ನನ್ನಲ್ಲಿಲ್ಲ ಎಂದು ಈ ಮೂಲಕ ಲಿಖಿತವಾಗಿ ಒಪ್ಪಿಕೊಳ್ಳುತ್ತೇನೆ.

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣ ಪ್ರಾರ್ಥನೆಗಳು. ಬರುವ ಗುರುವಾರ ಲಿಂಗಸುಗೂರಿನಲ್ಲಿ ಲಹರಿಯ ಕುಬಸ. ಏಳು ತಿಂಗಳ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬುವ ದಿನ. ಮದುವೆಯಲ್ಲಿ ಅಕ್ಷತೆಗೆ ತಪ್ಪಿದ ದೊಡ್ಡವ್ವ ಉಡಿ ತುಂಬಲಿಕ್ಕೂ ತಪ್ಪಿದರೆ ಅವಳು ನನ್ನನ್ನು ಕ್ಷಮಿಸಿಯಾಳು, ನಾನು ನನ್ನನ್ನು ಕ್ಷಮಿಸಲಾರೆ. ಹೀಗಾಗಿ ಗುರುವಾರ ಬೆಳಿಗ್ಗೆ ಐದಕ್ಕೆ ತಾವು ದಯಮಾಡಿ ಜೀವಂತವಾಗಿರಬೇಕು. ದೀಪ ಉರಿಯುತ್ತಲೇ ಇರಬೇಕು, ಆದರೆ ತಮ್ಮಿಂದ ಒಂದು ಹನಿ ಕರೆಂಟೂ ಕಡಿಮೆಯಾಗಬಾರದು. ಇದು ವಿಜ್ಞಾನಕ್ಕೆ ವಿರುದ್ಧ ಎಂದು ತಾವು ಆಕ್ಷೇಪಿಸುವುದಾದರೆ, ಎರಡು ವರ್ಷದಿಂದ ತಾವು ನನಗೆ ಮಾಡಿರುವುದರಲ್ಲಿ ವಿಜ್ಞಾನ ಎಷ್ಟಿತ್ತು ಎಂಬುದನ್ನೂ ನೆನಪಿಸಿಕೊಳ್ಳಬೇಕು. ಅದಾಗದಿದ್ದರೆ ಪಕ್ಕದ ಕಂಬದ ಸೂರ್ಯಕಾಂತರ ಕಾರಿನ ಬ್ಯಾಟರಿಯಿಂದ, ಗೋಡೆಯ ಮೂಲಕವೋ ನೆಲದ ಮೂಲಕವೋ, ಒಂದಿಷ್ಟು ಎರವಲು ಪಡೆಯಬಹುದು. ಅವರು ಅಭ್ಯಾಸಸ್ಥರು, ಬೇಸರ ಮಾಡಿಕೊಳ್ಳುವುದಿಲ್ಲ. ಅದೂ ಆಗದಿದ್ದರೆ ತಾವೇ ಒಂದು ಸಂಜೆ ಎರಡನೆಯ ಮಹಡಿಗೆ ದಯಮಾಡಿಸಿ, ನನ್ನ ಪರವಾಗಿ ಸುಭದ್ರಾಳಿಗೆ ಎಲ್ಲವನ್ನೂ ವಿವರಿಸಬೇಕು. ಹದಿಮೂರು ಕಿಲೋ ತೂಕದ ತಮಗೆ ಮೆಟ್ಟಿಲು ಕಷ್ಟವಾದೀತು, ಲಿಫ್ಟು ಇದೆ. ಕೊನೆಗೆ ಸಾಯಲೇಬೇಕೆಂಬ ಹಟವಿದ್ದರೆ ಬುಧವಾರವೇ ಸಾಯಬೇಕು. ಬಸ್ಸಿಗಾದರೂ ಸೀಟು ಹಿಡಿಯುತ್ತೇನೆ.

ಇಲ್ಲಿಗೆ ಪತ್ರ ಮುಗಿಸಬೇಕಿತ್ತು. ಆದರೆ ಬರೆಯುತ್ತ ಬರೆಯುತ್ತ ಒಂದು ಮಾತು ಗಂಟಲಿನಲ್ಲಿ ಉಳಿದಿದೆ. ತಾವು ಮಾತು ಬಾರದವರು, ಯಾರಿಗೂ ಹೇಳುವುದಿಲ್ಲ ಎಂಬ ಧೈರ್ಯದ ಮೇಲೆ ಹೇಳುತ್ತೇನೆ. ಮದುವೆಯ ದಿನ ಮುಂಜಾನೆ ಆ 'ಟಿಕ್' ಕೇಳಿದಾಗ ನನಗೆ ಮೊದಲು ಬಂದದ್ದು ಸಿಟ್ಟಲ್ಲ; ಎದೆ ಹಗುರಾಯಿತು. ಚಂದ್ರಾಯಣಗುಟ್ಟ ದಾಟಿ, ಆರಾಂಘರ್ ಸಿಗ್ನಲ್ಲಿನಲ್ಲಿ ಲಾರಿಗಳ ನಡುವೆ ನುಗ್ಗಿ, ಹೈವೇಗೆ ಹತ್ತುವುದು ಇಲ್ಲ ಎಂದು ಗೊತ್ತಾದ ಕೂಡಲೇ ಅಂಗೈ ಬೆವರು ಆರಿತು. ಕಾರು ಕೊಂಡು ಮನೆಗೆ ತರುವಾಗಲೇ ಎಲ್‌ಬಿ ನಗರದಲ್ಲಿ ಒಂದು ಆಟೋ ನನ್ನ ಕನ್ನಡಿಯನ್ನು ಸವರಿಕೊಂಡು ಹೋದಾಗಿನಿಂದ ನನಗೆ ಭಯ. ಕಾರ್ಖಾನೆಯ ಬಸ್ಸು ಇದೆ, ಆಟೋ ಇದೆ, ಪೆಟ್ರೋಲು ಉಳಿಯುತ್ತದೆ ಎಂದು ನಾನು ಹೇಳುತ್ತ ಬಂದ ಕಾರಣಗಳೆಲ್ಲ ಆ ಭಯಕ್ಕೆ ಉಡಿಸಿದ ಅಂಗಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ತಾವು ನನ್ನ ನೆಲ. ಹುಸೇನಪ್ಪ ಅರ್ಧ ತಾಸು ರಸ್ತೆಯ ಮೇಲೆ ಓಡಿಸಿ ಎಂದಾಗ ನನಗೆ ಗಾಬರಿಯಾದದ್ದು ಅದಕ್ಕೇ: ತಾವು ಗುಣವಾದರೆ ನನಗೆ ನೆಪವೇ ಉಳಿಯುವುದಿಲ್ಲ.

ಆದರೂ ಗುರುವಾರ ಬದುಕಿರಿ ಎಂದು ಕೇಳುತ್ತಿದ್ದೇನೆ. ಭಯವಿದ್ದೇ ಕೇಳುತ್ತಿದ್ದೇನೆ ಎಂಬುದನ್ನು ತಾವು ದಾಖಲೆಗೆ ತೆಗೆದುಕೊಂಡರೆ ಸಾಕು.

ಈ ಅರ್ಜಿಯನ್ನು ಸೂಕ್ತ ಕ್ರಮಕ್ಕಾಗಿ ತಮ್ಮ ಆರೂ ಸೆಲ್ಲುಗಳ ಗಮನಕ್ಕೆ ತರಬೇಕೆಂದು ಕೋರುತ್ತ,

ತಮ್ಮ ವಿಶ್ವಾಸಿ (ತಮ್ಮ ಮೇಲೆ ವಿಶ್ವಾಸವಿಡಲು ಬೇರೆ ಯಾರೂ ಉಳಿದಿಲ್ಲವಾದ್ದರಿಂದ),
ಹನುಮಂತರಾಯ

ತಾ.ಕ.: ಮೇಲಿನ ಪತ್ರವನ್ನು ಸೋಮವಾರ ಅಂಟಿಸಿದ್ದೆ. ಕನ್ನಡ ಬಾರದವರ ನಡುವೆ ಗುಟ್ಟು ಸುರಕ್ಷಿತ ಎಂದು ನಂಬಿದ್ದೆನಲ್ಲ, ನನ್ನ ಗುಣಮಟ್ಟ ಪರೀಕ್ಷೆಯಲ್ಲಿ ಅದೊಂದು ದೋಷವೂ ಬಿಟ್ಟುಹೋಗಿತ್ತು. ಕಾರು ಒರೆಸುವ ಬಂಡೆಮ್ಮನಿಗೆ ಯಾವ ಭಾಷೆಯೂ ಓದಲು ಬರುವುದಿಲ್ಲ. ಆದರೆ ಗಾಜಿಗೆ ಅಂಟಿಸಿದ ಕಾಗದವೆಂದರೆ ಗಾಡಿ ತೆಗೆಯಿರಿ ಎನ್ನುವ ನೋಟೀಸು ಎಂದು ಗೊತ್ತು. ಅದನ್ನು ನಾಜೂಕಾಗಿ ಬಿಡಿಸಿಕೊಂಡು, "ಅಮ್ಮಾ, ಕಾರುಕು ನೋಟೀಸು ಅಂಟಿಂಚಿನ್ರು" ಎಂದು, ಕಾರಿಗೆ ನೋಟೀಸು ಅಂಟಿಸಿದ್ದಾರೆಂದು ತೆಲುಗಿನಲ್ಲಿ ಹೇಳಿ, ಸುಭದ್ರಾಳ ಕೈಗೇ ಕೊಟ್ಟಳು.

ಸಂಜೆ ನಾನು ಬಂದಾಗ ಪತ್ರ ಊಟದ ಮೇಜಿನ ಮೇಲಿತ್ತು. ಸುಭದ್ರಾ ಆ ದಿನ ದೀಪದ ಬಗ್ಗೆ ಕೇಳಲಿಲ್ಲ, ತಾನೇ ಹೇಳಿದಳು: "ದೀಪ ಒಂದು ದಿನಾನೂ ಆರಿಲ್ರಿ. ಅಲ್ಲಿ ಆರಿದ ದಿನ ಬಂಡೆಮ್ಮ ಬಂದು ಹೇಳ್ತಿದ್ಲು. ಇಲ್ಲಿ ನಾ ಎಣ್ಣಿ ಹಾಕಿ ಹಚ್ಚತಿದ್ದೆ." ಹಬ್ಬವಲ್ಲದ ದಿನಗಳಲ್ಲಿ ಅಡುಗೆಮನೆಯ ಗೂಡಿನಲ್ಲಿ ಹಿತ್ತಾಳೆಯ ಹಣತೆ ಉರಿಯುತ್ತಿದ್ದದ್ದು ಆಗ ನೆನಪಾಯಿತು. ಏಳು ಸಲ ನಾನು ಸುಳ್ಳು ಹೇಳಿದ್ದೆ, ಏಳೂ ಸಲ ಅವಳು ಅದನ್ನು ನಿಜ ಮಾಡಿದ್ದಳು. ನಾನು ನಾಚಿ ನೆಲ ನೋಡುತ್ತ, ಹರಕೆಗೆ ಭಂಗ ಬಂತಲ್ಲ ಎಂದೆ. "ಹರಕಿ ಹೊತ್ತಿದ್ದು ಕಾರಿಗಲ್ರಿ" ಎಂದಳು. "ನಿಮ್ಮ ಹೆದರಿಕಿ ಹೋಗಲಿ ಅಂತ ಹೊತ್ತಿದ್ದು. ಕನ್ನಡಿ ಸವರಿದ ದಿನ ನೀವು ಸ್ಟೇರಿಂಗು ಹೆಂಗ ಹಿಡದು ಕೂತಿದ್ರಿ, ನಾ ನೋಡಿಲ್ಲೇನು?"

ಒಂದು ವರ್ಷದ ಮೇಲೆ ಅವಳು ಸೆಲ್ಲಾರಿಗೆ ಇಳಿದಳು. ಮೌನಪ್ಪನನ್ನು ಸೆರಗಿನಲ್ಲಿಟ್ಟುಕೊಂಡು, ತಂತಿಯನ್ನು ತಾನೇ ಕಿತ್ತು, ದೇವರನ್ನು ಅಡುಗೆಮನೆಯ ಗೂಡಿಗೆ ತಂದಳು. ಹುಸೇನಪ್ಪ ತಮ್ಮನ್ನು ಒಂದು ದಿನ ಅಂಗಡಿಯಲ್ಲಿಟ್ಟುಕೊಂಡು ಹೊಟ್ಟೆ ತುಂಬ ಚಾರ್ಜು ಉಣಿಸಿ ಕಳಿಸಿದ. ಗುರುವಾರ ಐದಕ್ಕೆ ತಾವು ಮೊದಲ ಮುಟ್ಟಿಗೇ ಎದ್ದಿರಿ. ನಾನು ಆರಾಂಘರಿನಲ್ಲಿ ಕಣ್ಣು ಮುಚ್ಚಲಿಲ್ಲ ಎಂಬುದಕ್ಕೆ ಸುಭದ್ರಾ ಸಾಕ್ಷಿ. ಆಮೇಲೆ ಹೈವೇಯಲ್ಲಿ ನಲವತ್ತರ ವೇಗ ದಾಟಲಿಲ್ಲ ಎಂಬುದಕ್ಕೆ ನಮ್ಮನ್ನು ಹಿಂದೆ ಹಾಕಿದ ಟ್ರ್ಯಾಕ್ಟರುಗಳು ಸಾಕ್ಷಿ. ಮುಹೂರ್ತ ಹನ್ನೆರಡಕ್ಕೆ, ನಾವು ಮುಟ್ಟಿದ್ದು ಒಂದೂಕಾಲಿಗೆ. ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕೂತ ಲಹರಿ, "ದೊಡ್ಡವ್ವ ಬರೂತನಕ ನಾ ಯಾರ ಕಡಿಂದಾನೂ ಉಡಿ ತುಂಬಿಸ್ಕೊಳ್ಳಾಂಗಿಲ್ಲ" ಎಂದು ಹಟ ಹಿಡಿದು ಹಸಿದು ಕೂತಿದ್ದಳಂತೆ. ಸುಭದ್ರಾ ಕೈ ತೊಳೆದುಕೊಂಡು, ಅದೇ ಇಳಕಲ್ ಸೀರೆಯ ಸೆರಗಿನ ತುದಿಯ ಗಂಟು ಬಿಚ್ಚಿ, ಮದುವೆಯ ದಿನ ಬಟ್ಟಲಲ್ಲಿ ಉಳಿದಿದ್ದ ಅಕ್ಷತೆಯನ್ನು ಮೊದಲು ಅವಳ ತಲೆಗೆ ಹಾಕಿದಳು, ಆಮೇಲೆ ಉಡಿ ತುಂಬಿದಳು. ನಾನು ಹೊರಗೆ ಬಂದು ತಮ್ಮ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತೆ. ಬಿಸಿಯಾಗಿತ್ತು. ಕಣ್ಣು ಒರೆ‌ಸಿಕೊಂಡೆ, ಧೂಳು ಬಹಳ ಇತ್ತು ಎಂದು ಬರೆದುಕೊಳ್ಳಿ. ಮರುದಿನ ತಿಂಥಣಿಗೂ ಹೋಗಿ ಬಂದೆವು.

ಹೀಗೆ ತಮ್ಮ ಮೇಲಿನ ದೂರನ್ನು ಪೂರ್ತಿ ಹಿಂತೆಗೆದುಕೊಳ್ಳುತ್ತೇನೆ. ಆದರೆ ಈಗ ಇನ್ನೊಂದು ಕೋರಿಕೆ ಹುಟ್ಟಿದೆ. ಅಂದಿನಿಂದ ತಾವು ಒಂದು ದಿನವೂ ತಪ್ಪದೆ ಮೊದಲ ಮುಟ್ಟಿಗೇ ಎದ್ದು ಕೂರುತ್ತಿದ್ದೀರಿ. ಸುಭದ್ರಾ ಹೋದ ವಾರ ಅಬಿಡ್ಸು ಅಂದಳು, ಅದರ ಹಿಂದಿನ ವಾರ ಗೋಲ್ಕೊಂಡ ಅಂದಳು. ಈಗ ಲಹರಿಯ ಹೆರಿಗೆಯವರೆಗೆ ಪ್ರತಿ ಭಾನುವಾರ ಲಿಂಗಸುಗೂರು, ಬ್ಯಾಟರಿಗೂ ಒಳ್ಳೆಯದು ಎನ್ನುತ್ತಾಳೆ. ವಾರಕ್ಕೆ ಆರುನೂರು ಕಿಲೋಮೀಟರು, ಮಾನ್ಯರೇ! ಹುಸೇನಪ್ಪ ಹೇಳಿದ್ದು ಅರ್ಧ ತಾಸು. ಆದ್ದರಿಂದ ಹಳೆಯ ಸ್ನೇಹವನ್ನು ನೆನೆದು, ತಿಂಗಳಿಗೆ ಒಂದೇ ಒಂದು ಭಾನುವಾರ, ಯಾರಿಗೂ ತಿಳಿಯದಂತೆ, ದಯಮಾಡಿ ಒಂದು ಸಲ 'ಟಿಕ್' ಎನ್ನಬೇಕು. ಈ ಸಲ ಗಾಜಿಗೆ ಅಂಟಿಸುವ ತಪ್ಪು ಮಾಡುವುದಿಲ್ಲ. ಪತ್ರವನ್ನು ಮಡಿಸಿ ಬಾನೆಟ್ಟಿನ ಕೆಳಗೆ, ತಮ್ಮ ಪಕ್ಕದಲ್ಲೇ ಇಡುತ್ತಿದ್ದೇನೆ.

(ಇದರ ಕೆಳಗೆ ಪೆನ್ಸಿಲಿನಲ್ಲಿ, ಬೇರೆ ಕೈಬರಹದಲ್ಲಿ:)

ಟರ್ಮಿನಲ್ಲಿಗೆ ವ್ಯಾಸಲೀನು ಹಚ್ಚಾಕ ಬಾನೆಟ್ಟು ತಗದಿದ್ದೆ. ಓದೀನಿ. ಭಾನುವಾರ ಐದಕ್ಕ ತಯಾರಿರ್ರಿ. – ಸುಭದ್ರಾ